ಶಾಕ್ ಸೋರ್ತಾ ಇದ್ಯಾ? ಸೀಲ್ ಹಾಕಿಸುವ ಮೊದಲು ಪೈಪ್ ನೋಡಿ

ಮರವಂತೆ ನಿಮಗೆಲ್ಲ ಗೊತ್ತು. ನಡುವೆ ರಾಷ್ಟ್ರೀಯ ಹೆದ್ದಾರಿ 66, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ರೀಲ್ಸ್‌ಗೆ ಚೆಂದ. ಆದ್ರೆ ಬೈಕಿನ ಮುಂದಿನ ಶಾಕ್‌ಗೆ ಈ ಉಪ್ಪುಗಾಳಿ ಆಗಿ ಬರುದಿಲ್ಲ ಮಾರಾಯ್ರೆ.

ಕಳೆದ ಮಳೆಗಾಲದಲ್ಲಿ ನನ್ನ ಬೈಕಿನ ಶಾಕ್ ಸೋರಿತು, ಅದೂ ಡಿಸ್ಕ್ ಇರುವ ಬದಿಯಲ್ಲೇ. ಗ್ಯಾರೇಜಲ್ಲಿ ಹೊಸ ಆಯಿಲ್ ಸೀಲ್ ಹಾಕಿಸಿದೆ. ಎರಡೇ ತಿಂಗಳು, ಮತ್ತೆ ಸೋರಿಕೆ. ಇಳಿದ ಆಯಿಲ್ ಡಿಸ್ಕ್‌ಗೆ ತಾಗಿತ್ತು. ಬಸ್ಸಿನ ಹಿಂದೆ ಬ್ರೇಕ್ ಹಿಡಿದ್ರೆ ಗಾಡಿ ನಿಲ್ಲಲೇ ಇಲ್ಲ! ಹೇಗೋ ಎಡಕ್ಕೆ ಮಣ್ಣಿಗಿಳಿಸಿ ಬಚಾವಾದೆ.

ತಪ್ಪು ಸೀಲಿನದ್ದಲ್ಲ, ಪೈಪಿನದ್ದು. ಹೊಳೆಯುವ ಆ ಪೈಪಿಗೆ ಕ್ರೋಮ್ ಲೇಪ ಇರ್ತದೆ. ಉಪ್ಪು ಕೂತು ಕೂತು ಅದರಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಗುಳಿ ಬೀಳ್ತದೆ. ಶಾಕ್ ಕುಗ್ಗಿ ಹಿಗ್ಗುವಾಗ ಸೀಲಿನ ರಬ್ಬರ್ ತುಟಿ ಆ ಗುಳಿಯ ಅಂಚಿಗೆ ಉಜ್ಜಿ ಹರೀತದೆ. ಪೈಪ್ ಒರೆಸಿ ಉಗುರು ಓಡಿಸಿ ನೋಡಿ. ಬರೀ ಕಲೆ ಆದ್ರೆ ನಯವಾದ ಎಮರಿ ಪೇಪರಿಗೆ ಹೋಗ್ತದೆ. ಸೀಲ್ ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಂಡ್ರೆ ಪೈಪ್ ಬದಲಿಸಬೇಕು, ಇಲ್ಲವೇ ಮತ್ತೆ ಕ್ರೋಮ್ ಮಾಡಿಸಬೇಕು. ಕೆಲವೊಮ್ಮೆ ಡಸ್ಟ್ ಸೀಲಿನ ಅಡಿಯಲ್ಲಿ ಮರಳು ಸೇರಿರ್ತದೆ, ಅಷ್ಟೇ. ಬೀಚಿಗೆ ಹೋಗಿ ಬಂದ ದಿನ ಸಿಹಿನೀರಲ್ಲಿ ತೊಳೆದು ಒರೆಸಿ. ಪ್ರೆಶರ್ ವಾಷರ್ ಸೀಲಿಗೆ ನೇರ ಹಿಡಿಯಬೇಡಿ.

ಈಗ ಆಯಿಲ್ ಎಂಥದ್ದು ಹಾಕುದು? ಸ್ಪ್ರಿಂಗ್ ಗಾಡಿಯ ಭಾರ ಹೊರ್ತದೆ, ಆದ್ರೆ ಅದು ಕುಣಿಯದ ಹಾಗೆ ತಡೆಯುದು ಆಯಿಲ್, ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ. ತೆಳು ಆದ್ರೆ ಮುಂಭಾಗ ತೇಲಾಡ್ತದೆ. ತೀರಾ ದಪ್ಪ ಆದ್ರೆ ಹೊಂಡದ ಪೆಟ್ಟೆಲ್ಲ ನೇರ ಕೈಗೆ. ಹಾಗಾಗಿ ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಹಾಕಿ. ಒಂದು ವಿಷಯ ಮಾತ್ರ ನನಗೂ ತಡವಾಗಿ ಗೊತ್ತಾಯ್ತು: ಫೋರ್ಕ್ ಆಯಿಲ್ ಡಬ್ಬಿಯ ಮೇಲಿನ 10ಡಬ್ಲ್ಯೂ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಕಂಪನಿಯ ಡೇಟಾ ಶೀಟಿನಲ್ಲಿ 40 ಡಿಗ್ರಿ ಸೆಲ್ಸಿಯಸ್‌ಗೆ ಎಷ್ಟು ಸೆಂಟಿಸ್ಟೋಕ್ಸ್ ಅಂತ ಇರ್ತದೆ, ಹೋಲಿಸುದು ಅದನ್ನು. ಮಿಕ್ಕಿದ ಇಂಜಿನ್ ಆಯಿಲ್ ಸುರಿಯುವ ಗ್ಯಾರೇಜೂ ಉಂಟು. ಅದರ 20ಡಬ್ಲ್ಯೂ-40 ಬೇರೆ ಲೆಕ್ಕ, ಫೋರ್ಕ್‌ಗೆ ತುಂಬಾ ದಪ್ಪ.

ಎಷ್ಟು ಹಾಕುದು ಅನ್ನುದೂ ಮುಖ್ಯ. ಹಳೇ ಆಯಿಲ್ ಪೂರ್ತಿ ಇಳಿಯುದಿಲ್ಲ, ಹಾಗಾಗಿ ಬರೀ ಮಿಲಿಲೀಟರ್ ಲೆಕ್ಕ ನಂಬಬೇಡಿ. ಹೊಸತು ಸುರಿದು, ನಿಧಾನಕ್ಕೆ ಮೇಲೆ ಕೆಳಗೆ ಒತ್ತಿ ಗಾಳಿ ಬಿಡಿಸಿ. ಮ್ಯಾನುಯಲ್ ಬೇರೆ ಹೇಳದಿದ್ರೆ ಸ್ಪ್ರಿಂಗ್ ಹೊರಗಿಟ್ಟು, ಶಾಕ್ ಪೂರ್ತಿ ಕುಗ್ಗಿಸಿ, ಪೈಪಿನ ಬಾಯಿಯಿಂದ ಆಯಿಲ್‌ವರೆಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಎರಡೂ ಬದಿ ಸಮ ಇರಬೇಕು. ಜಾಸ್ತಿಯಾದ್ರೆ ಒಳಗಿನ ಗಾಳಿಗೆ ಜಾಗ ಸಾಲದೆ ಒತ್ತಡ ಏರ್ತದೆ, ಮತ್ತೆ ಸೀಲಿಗೇ ಪೆಟ್ಟು.

ಡಿಸ್ಕನ್ನು ಬ್ರೇಕ್ ಕ್ಲೀನರಲ್ಲಿ ಒರೆಸಿದ್ರೆ ಆಯ್ತು. ಆಯಿಲ್ ಹೀರಿದ ಪ್ಯಾಡ್ ಮಾತ್ರ ಉಜ್ಜಿ ವಾಪಸ್ ಹಾಕಬೇಡಿ, ಹೊಸದೇ ತನ್ನಿ.