ಮೂರೂವರೆ ಲಕ್ಷಕ್ಕೆ ನೂರು ಕುದುರೆ

ಕಳೆದ ವರ್ಷ ಅಪ್ಪನ ಎಲ್‌ಐಸಿ ಪಾಲಿಸಿಯೊಂದು ಮುಗಿದು ಕೈಗೆ ಹಣ ಬಂತು. ಮನೆಯಲ್ಲಿದ್ದ ಹಳೆಯ ಮಾರುತಿ 800 ಅಷ್ಟೊತ್ತಿಗೆ ಮಳೆ ಬಂದರೆ ಒಳಗೂ ಸೋರುವ ಸ್ಥಿತಿಗೆ ಬಂದಿತ್ತು. ‘ಮೂರೂವರೆ ಲಕ್ಷ ಐತೆ ನೋಡು. ರಿಪೇರಿ, ಇನ್ಶೂರೆನ್ಸು ಎಲ್ಲಾ ಅದರೊಳಗೇ ಮುಗೀಬೇಕು. ಮೆಕ್ಯಾನಿಕಲ್ ಓದ್ತಿದೀಯಲ್ಲ, ನೀನೇ ಹುಡುಕು’ ಅಂದರು. ಚನ್ನಗಿರಿ ಕಡೆಯ ಸಣ್ಣ ಅಡಿಕೆ ಬೆಳೆಗಾರನೊಬ್ಬ ಮಗನ ಕೈಗೆ ಅಷ್ಟು ದೊಡ್ಡ ತೀರ್ಮಾನ ಕೊಡುವುದು ಸಣ್ಣ ಮಾತಲ್ಲ. ಅದು ನನಗೆ ಅರ್ಥವಾಗಿದ್ದು ಆಮೇಲೆ. ಆ ಕ್ಷಣಕ್ಕೆ ಅಪ್ಪ ಕೇಳಿದ್ದು ಕಾರು, ನನ್ನ ತಲೆಯಲ್ಲಿ ಓಡಿದ್ದು ಹಾಟ್ ಹ್ಯಾಚ್.

ನೋಡಲು ಮಾಮೂಲಿ ಸಣ್ಣ ಕಾರು, ಬಾನೆಟ್ ಕೆಳಗೆ ಮಾತ್ರ ಆ ಗಾತ್ರಕ್ಕೆ ಮೀರಿದ ಎಂಜಿನ್. ಅದೇ ಹಾಟ್ ಹ್ಯಾಚ್. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಜಾತಿಯನ್ನು ಜನಪ್ರಿಯಗೊಳಿಸಿದ ಕಾರು. 1.6 ಲೀಟರ್ ಎಂಜಿನ್, 110 ಪಿಎಸ್ ಶಕ್ತಿ. 5,000 ಕಾರು ಮಾಡಿದರೆ ಸಾಕು ಎಂದುಕೊಂಡಿದ್ದರಂತೆ, ಆ ಮೊದಲ ತಲೆಮಾರು ಒಂದೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹಾಲು, ತರಕಾರಿ ತರುವ ಕಾರಿನಲ್ಲೇ ಭಾನುವಾರ ಬೆಳಿಗ್ಗೆ ಘಾಟಿ ಹತ್ತಬಹುದು ಎನ್ನುವುದೇ ಇದರ ಆಕರ್ಷಣೆ.

ನಮ್ಮಲ್ಲಿ ಇವು ಹುಟ್ಟಿದ್ದು ತೆರಿಗೆಯ ಚೌಕಟ್ಟಿನೊಳಗೆ. 2006ರ ಬಜೆಟ್‌ನಲ್ಲಿ, ನಾಲ್ಕು ಮೀಟರ್‌ಗಿಂತ ಉದ್ದವಿರದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅಂದಿನಿಂದ ಕಂಪನಿಗಳ ಲೆಕ್ಕಾಚಾರವೆಲ್ಲ ಆ ಗೆರೆಯೊಳಗೇ. ಅದಕ್ಕೇ 2013ರ ಪೋಲೊ ಜಿಟಿ ಟಿಎಸ್‌ಐಗೆ 1.2 ಲೀಟರ್ ಟರ್ಬೊ, 2017ರ ಬಲೆನೊ ಆರ್‌ಎಸ್‌ಗೆ 1 ಲೀಟರ್ ಟರ್ಬೊ. 145 ಪಿಎಸ್‌ನ ಅಬಾರ್ತ್ ಪುಂಟೊ 1.4 ಲೀಟರ್ ಇಟ್ಟುಕೊಂಡು ಆ ಗೆರೆ ದಾಟಿತು, 2015ರಲ್ಲೇ ಹತ್ತು ಲಕ್ಷದ ಹತ್ತಿರ ಬೆಲೆ ಹೇಳಿತು.

ಎರಡು ತಿಂಗಳು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಬೆಲೆ ನೋಡಿದ ಮೇಲೆ ನನಗೊಂದು ವಿಷಯ ಹೊಳೆಯಿತು. ನಮ್ಮಂಥವರ ಬಜೆಟ್‌ಗೆ ಇಳಿಯುವ ವೇಗದ ಕಾರು ಸುಮ್ಮನೆ ಅಗ್ಗವಾಗಿರುವುದಿಲ್ಲ. ಮಾರುಕಟ್ಟೆ ಅದಕ್ಕೆ ಯಾವುದೋ ಕಾರಣಕ್ಕೆ ಹೆದರಿರುತ್ತದೆ. ಬಲೆನೊ ಆರ್‌ಎಸ್‌ಗೆ ಯಾರೂ ಹೆದರುವುದಿಲ್ಲ, ಮಾರುತಿ ತಾನೆ, ಹಾಗಾಗಿ ಬೆಲೆ ಇಳಿಯುವುದೂ ಇಲ್ಲ. ಅಬಾರ್ತ್ ಪುಂಟೊ ಸಿಗುವುದೇ ಅಪರೂಪ, ಇದ್ದವರು ಕೊಡುವುದಿಲ್ಲ. ಟಿಯಾಗೊ ಜೆಟಿಪಿ ಬಂದು ಹೋಗಿದ್ದು ಒಂದೆರಡು ವರ್ಷ, ಅದರ ವಿಶೇಷ ಬಿಡಿಭಾಗ ಒಡೆದರೆ ಎಲ್ಲಿ ಹುಡುಕುವುದು ಎಂಬ ಭಯ. ಪೋಲೊ ಜಿಟಿಗೆ ಗೇರ್‌ಬಾಕ್ಸ್ ಭಯ. ಅದರದ್ದು ಏಳು ಗೇರಿನ ಒಣ ಡ್ಯುಯಲ್ ಕ್ಲಚ್ ಡಿಎಸ್‌ಜಿ. ಅದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬಿಲ್ಲು ಲಕ್ಷ ದಾಟುವುದು ಮಾಮೂಲು. ಹಾಗಿದ್ದರೆ ಪ್ರಶ್ನೆ ಇಷ್ಟೇ: ಯಾವ ಭಯ ನಿಜ, ಯಾವುದಕ್ಕೆ ನನ್ನ ಜೇಬು ತಡೆಯುತ್ತದೆ?

ಇಷ್ಟು ಬುದ್ಧಿವಂತಿಕೆ ಇದ್ದೂ ನಾನು ಮೊದಲು ಓಡಿದ್ದು ಪೋಲೊ ಜಿಟಿಯ ಹಿಂದೆ! ಬೆಂಗಳೂರಿನ ಒಬ್ಬ ಡೀಲರ್ ಬಳಿ 2014ರ ಕಾರು, ಮೀಟರ್‌ನಲ್ಲಿ 52,000 ಕಿಲೋಮೀಟರ್, 3 ಲಕ್ಷದ 60 ಸಾವಿರ ಹೇಳಿದ್ದ. ರೂಮ್‌ಮೇಟ್ ಜೊತೆ ದಾವಣಗೆರೆಯಿಂದ ಬೆಳಗಿನ ರೈಲು ಹತ್ತಿದೆ. ನಾವು ಹೋಗುವಷ್ಟರಲ್ಲಿ ಕಾರು ಸ್ಟಾರ್ಟ್ ಆಗಿಯೇ ನಿಂತಿತ್ತು. ‘ನಿಮಗೋಸ್ಕರ ಎಸಿ ಹಾಕಿ ಇಟ್ಟಿದೀನಿ ಬ್ರೋ’ ಅಂದ. ಎಷ್ಟು ಒಳ್ಳೆಯವನು ಅಂದುಕೊಂಡೆ. ತಣ್ಣಗಿರುವ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗಿನ ಶಬ್ದ, ಹೊಗೆಯಲ್ಲಿ ಅರ್ಧ ಜಾತಕ ಇರುತ್ತದೆ, ಅದಕ್ಕೇ ಬಿಸಿ ಮಾಡಿ ಇಡುತ್ತಾರೆ ಎಂದು ಆಗ ಗೊತ್ತಿರಲಿಲ್ಲ. ರಿಂಗ್ ರೋಡ್‌ನಲ್ಲಿ ಒಮ್ಮೆ ಪೂರ್ತಿ ಆಕ್ಸಿಲರೇಟರ್ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಅಷ್ಟೇ, ಮುಗಿಯಿತು ನನ್ನ ಕಥೆ. ‘ಸಂಜೆ ಇನ್ನೊಬ್ಬರು ಬರ್ತಾರೆ, ಟೋಕನ್ ಹಾಕಿದ್ರೆ ಹಿಡಿದಿಡ್ತೀನಿ’ ಅಂದ. ಪಿಯು ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿ ಕೂಡಿಸಿದ್ದ ಹತ್ತು ಸಾವಿರವನ್ನು ಫೋನಿನಲ್ಲೇ ಕಳಿಸಿದೆ. ರಸೀದಿ ಕೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ.

ಮರುವಾರ ನಮ್ಮ 800ನ್ನು ಇಷ್ಟು ವರ್ಷ ಜೀವಂತವಾಗಿಟ್ಟ ಗ್ಯಾರೇಜಿನ ಭಾಯ್‌ನನ್ನು ಕಾಡಿ ಬೇಡಿ ಕರೆದುಕೊಂಡು ಹೋದೆ. ಈ ಸಲ ಹೇಳದೆ ಬೆಳಿಗ್ಗೆ ಬೇಗನೇ ಹೋದೆವು. ಭಾಯ್ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಬಗ್ಗಿ ಬ್ರೇಕ್ ಪೆಡಲ್ ನೋಡಿದರು. ರಬ್ಬರ್ ಸವೆದು ನುಣ್ಣಗಾಗಿತ್ತು. ಸ್ಟಿಯರಿಂಗ್‌ನ ಲೆದರ್ ಹೊಳೆಯುತ್ತಿತ್ತು. ‘ಐವತ್ತು ಸಾವಿರಕ್ಕೆ ಇಷ್ಟು ಸವೆಯಲ್ಲಪ್ಪಾ’ ಅಂದರು. ಸೀಟ್ ಬೆಲ್ಟ್ ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿದರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಕಾರು ಮುಳುಗಿದ್ದವು, ತೊಳೆಯುವವರು ಬೆಲ್ಟಿನ ಒಳತುದಿಯನ್ನು ಮರೆಯುತ್ತಾರಂತೆ. ಅದು ಸ್ವಚ್ಛವಾಗಿತ್ತು. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದರು. ಅದರಡಿ ಮಡಚಿದ ಒಂದು ಚೀಟಿ, ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ್ದು. ಕಾರಿನ ನಂಬರ್ ಇತ್ತು, 2020ರ ತಾರೀಕು ಇತ್ತು, ಕಿಲೋಮೀಟರ್ 96,480 ಎಂದಿತ್ತು.

ನನ್ನ ಬಳಿಯೂ ಒಂದು ಅಸ್ತ್ರವಿತ್ತು. ಎಂಟುನೂರು ರೂಪಾಯಿಯ ಬ್ಲೂಟೂತ್ ಒಬಿಡಿ ಸ್ಕ್ಯಾನರ್. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಫೋನಿನಲ್ಲಿ ಕಾರಿನ ದೋಷಗಳ ಕೋಡ್ ಕಾಣುತ್ತದೆ. ಒಂದೂ ಕೋಡ್ ಇರಲಿಲ್ಲ. ಖುಷಿಪಡುವ ಮೊದಲು ಇನ್ನೊಂದು ಪುಟ ತೆರೆಯಬೇಕು, ಅದನ್ನು ಬಹಳ ಮಂದಿ ನೋಡುವುದಿಲ್ಲ. ಕಾರು ಓಡುತ್ತಿರುವಾಗ ಅದರ ಕಂಪ್ಯೂಟರ್ ತನ್ನ ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲವನ್ನೂ ತಾನೇ ಪರೀಕ್ಷಿಸಿಕೊಂಡು ‘ಪೂರ್ಣ’ ಎಂದು ಬರೆದುಕೊಳ್ಳುತ್ತದೆ. ಇದಕ್ಕೆ ರೆಡಿನೆಸ್ ಮಾನಿಟರ್ ಎನ್ನುತ್ತಾರೆ. ಯಾರಾದರೂ ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ತಂತಿ ಬಿಚ್ಚಿದರೆ ಇವೂ ಅಳಿಸಿಹೋಗಿ ‘ಅಪೂರ್ಣ’ ಆಗುತ್ತವೆ. ಮತ್ತೆ ಪೂರ್ಣವಾಗಲು ಒಂದಷ್ಟು ದೂರ ಬೇರೆ ಬೇರೆ ವೇಗದಲ್ಲಿ ಓಡಿಸಬೇಕು. ಆ ಕಾರಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಪೂರ್ಣ. ಏನನ್ನು ಅಳಿಸಿದ್ದರೋ ತಿಳಿಯಲಿಲ್ಲ. ಆದರೆ ಸ್ಲೇಟು ಹಿಂದಿನ ದಿನವಷ್ಟೇ ಒರೆಸಿದಂತಿತ್ತು.

ಚೀಟಿ ತೋರಿಸಿದಾಗ ಡೀಲರ್ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ನಾನು ತಗೊಂಡಾಗಲೇ ಹಾಗಿತ್ತು ಬ್ರೋ. ಟೋಕನ್ ರಿಟರ್ನ್ ಇಲ್ಲ, ಬೇಕಾದ್ರೆ ಬೇರೆ ಗಾಡಿಗೆ ಅಡ್ಜಸ್ಟ್ ಮಾಡ್ತೀನಿ’ ಅಂದ. ನನ್ನ ಬಳಿ ಬರಹದಲ್ಲಿ ಏನೂ ಇರಲಿಲ್ಲ. ‘ಪರೀಕ್ಷೆ ಮಾಡಿಸಿ ಒಪ್ಪಿಗೆಯಾದರೆ ಮಾತ್ರ ಖರೀದಿ, ಇಲ್ಲವಾದರೆ ಹಣ ವಾಪಸ್’ ಎಂಬ ಒಂದು ಸಾಲು ಬರೆಸಿಕೊಂಡಿದ್ದರೆ ಜಗಳ ಮಾಡಲಾದರೂ ಬಾಯಿ ಇರುತ್ತಿತ್ತು. ವಾಪಸ್ ಬರುವಾಗ ರೈಲಿನಲ್ಲಿ ಭಾಯ್ ನನಗೊಂದು ಚಹಾ ಕೊಡಿಸಿ, ‘ಹತ್ತಕ್ಕೆ ಮುಗೀತು, ಮೂರೂವರೆ ಉಳೀತು’ ಅಂದರು. ನನಗೆ ಆ ಲೆಕ್ಕ ಅಂದು ಹಿಡಿಸಲಿಲ್ಲ.

ಅಗ್ಗದ ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲಿದ್ದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳ ಬೆಲೆ ನೋಡಿದರೆ ಬಾಯಲ್ಲಿ ನೀರೂರುತ್ತಿತ್ತು. ಆದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು, ಹೊಸ ನಂಬರ್ ಮಾಡಿಸಬೇಕು. ಎಲ್ಲ ಕೂಡಿಸಿದಾಗ ಉಳಿತಾಯ ಕರಗಿಹೋಯಿತು.

ಕೊನೆಗೆ ಸಿಕ್ಕಿದ್ದು ಯಾರೂ ಹಾಟ್ ಹ್ಯಾಚ್ ಎಂದು ಕರೆಯದ ಕಾರು. 2016ರ ಫೋರ್ಡ್ ಫಿಗೊ ಡೀಸೆಲ್. 1.5 ಲೀಟರ್, 100 ಪಿಎಸ್, 215 ನ್ಯೂಟನ್ ಮೀಟರ್ ಟಾರ್ಕ್, ತೂಕ ಒಂದು ಟನ್‌ಗಿಂತ ಸ್ವಲ್ಪ ಹೆಚ್ಚು. ಶಕ್ತಿಯಲ್ಲಿ 1976ರ ಆ ಗಾಲ್ಫ್‌ಗೆ ಹತ್ತೇ ಕುದುರೆ ಕಡಿಮೆ. ಕೂಲಿಂಗ್ ಗ್ಲಾಸ್ ಹಾಕದ ಹೀರೊ ಥರ. ಇದರ ಮೇಲಿನ ಭಯ ಎಲ್ಲರಿಗೂ ಗೊತ್ತು: 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಊರಲ್ಲಿ ಕೇಳಿದವರೆಲ್ಲ ‘ಹೋದ ಕಂಪನಿ ಗಾಡಿ ಯಾಕೆ, ಸ್ವಿಫ್ಟ್ ತಗೊಳ್ರೋ’ ಅಂದರು. ಈ ಭಯವನ್ನು ನಾನು ತೂಗಿ ನೋಡಿದೆ. ಸರ್ವಿಸ್ ಮತ್ತು ಬಿಡಿಭಾಗದ ವ್ಯವಸ್ಥೆ ಇನ್ನೂ ಇದೆ. ಭಾಯ್‌ಗೆ ಈ ಎಂಜಿನ್ ಪರಿಚಯ. ಸರಳ ಮ್ಯಾನುಯಲ್ ಗೇರ್. ಮಾರುವಾಗ ಬೆಲೆ ಬರುವುದಿಲ್ಲ ನಿಜ, ಆದರೆ 800ನ್ನು ಅಷ್ಟು ವರ್ಷ ಇಟ್ಟುಕೊಂಡ ಮನೆ ನಮ್ಮದು. ಮಾರುವವರ ಸಮಸ್ಯೆ ನಮಗೆ ಅನ್ವಯಿಸುವುದಿಲ್ಲ.

ಮಾಲೀಕರು ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರರು. ಪ್ರತಿ ಸರ್ವಿಸ್ ಬಿಲ್ಲನ್ನೂ ಫೈಲ್‌ನಲ್ಲಿ ಪೋಣಿಸಿಟ್ಟಿದ್ದರು, 78,000 ಕಿಲೋಮೀಟರ್. ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನವರೆಗೆ ಓಡಿಸಿದೆ. ಎರಡು ಸಾವಿರ ಆರ್‌ಪಿಎಂ ಹತ್ತಿರ ಟರ್ಬೊ ಎದ್ದು ಎಳೆಯುವ ಆ ಎಳೆತವಿದೆಯಲ್ಲ, ಪಕ್ಕದಲ್ಲಿ ಕೂತ ಯಜಮಾನರು ಮೇಲಿನ ಹಿಡಿಕೆ ಹಿಡಿದುಕೊಂಡು, ‘ನಿಧಾನ ಕಣಪ್ಪಾ, ಇನ್ನೂ ನನ್ನ ಹೆಸರಲ್ಲೇ ಇದೆ’ ಅಂದರು.

ಅವರು ಹೇಳಿದ್ದು ತಮಾಷೆಗಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ, ಕಾರು ಮಾರಿ ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಹಾಗಾಗಿ ಫಾರ್ಮ್ 29, 30ಕ್ಕೆ ಅವರೇ ಮುಂದೆ ನಿಂತು ಸಹಿ ಹಾಕಿದರು. ಕಾರಿನ ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿತ್ತು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದಾಗಲೇ ಅದು ಕಂಡಿತ್ತು. ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆ ಪೂರ್ತಿ ಹಣ ಕೊಟ್ಟೆವು. ಇನ್ಶೂರೆನ್ಸ್‌ನಲ್ಲಿ ನಮ್ಮ ಹುಡುಗರು ಬಹಳ ಜನ ಎಡವುತ್ತಾರೆ. ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮನುಷ್ಯನದ್ದು. ಹಳೆಯ ಮಾಲೀಕರ ರಿಯಾಯಿತಿ ನಮಗೆ ಬರುವುದಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಮ್ಮ ಕಾರಿಗೇ ಆದ ಹಾನಿಗೆ ಹಣ ಕೇಳುವಾಗ ಕೈ ಸುಟ್ಟುಕೊಳ್ಳಬೇಕಾಗುತ್ತದೆ.

2 ಲಕ್ಷದ 85 ಸಾವಿರಕ್ಕೆ ಮಾತು ಮುಗಿಯಿತು. ಉಳಿದ 65 ಸಾವಿರ ಇರದಿದ್ದರೆ ಈ ಕಾರು ಮೂರೇ ತಿಂಗಳಿಗೆ ನಿಲ್ಲುತ್ತಿತ್ತು. ಈ ಎಂಜಿನ್‌ಗೆ ಟೈಮಿಂಗ್ ಚೈನ್ ಇಲ್ಲ, ಬೆಲ್ಟ್ ಇದೆ. ಅದು ಓಡುವಾಗ ತುಂಡಾದರೆ ವಾಲ್ವ್, ಪಿಸ್ಟನ್ ಡಿಕ್ಕಿಯಾಗಿ ಎಂಜಿನ್ನೇ ಹೋಗುತ್ತದೆ. ಬೆಲ್ಟಿನ ವಯಸ್ಸು ನೋಡಿ ವಾಟರ್ ಪಂಪ್ ಸಮೇತ ಬದಲಿಸಿದೆವು, 14 ಸಾವಿರ. ಟೈರ್‌ನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ ‘16’ ಎಂದಿತ್ತು, ಅಂದರೆ ಕಾರಿನಷ್ಟೇ ವಯಸ್ಸು. ನಾಲ್ಕೂ ಬದಲಿಸಿದ್ದು 18 ಸಾವಿರ. ಬ್ಯಾಟರಿ, ಆಯಿಲ್, ಬ್ರೇಕ್ ಪ್ಯಾಡ್, ಇನ್ಶೂರೆನ್ಸ್, ಆರ್‌ಟಿಒ ಖರ್ಚು ಎಲ್ಲ ಕಳೆದು ಮೂರು ಸಾವಿರದಷ್ಟು ಉಳಿಯಿತು. ಅಲಾಯ್ ವ್ಹೀಲ್ ಹಾಕಿಸಬೇಕೆಂಬ ನನ್ನ ಅರ್ಜಿ ಮನೆಯಲ್ಲಿ ತಿರಸ್ಕೃತವಾಗಿದೆ.

ಈಗ ಕಾರು ಅಪ್ಪನ ಬಳಿಯೇ ಇದೆ. ನನಗೆ ಸಿಗುವುದು ರಜೆಯಲ್ಲಿ ಮಾತ್ರ. ಆ ನೂರು ಕುದುರೆಗಳನ್ನು ಅವರು ಗಂಟೆಗೆ 45ರಲ್ಲಿ, ಮೂರನೇ ಗೇರಿನಲ್ಲಿ, ತೋಟದಿಂದ ಊರಿಗೆ ಮೇಯಿಸಿಕೊಂಡು ಬರುತ್ತಾರೆ. ಹೋದ ತಿಂಗಳು ಅಜ್ಜಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವಾಗ ಮುಂದೆ ಕಬ್ಬಿನ ಲಾರಿಯೊಂದು ಸಿಕ್ಕಿತು. ‘ನಾಲ್ಕಕ್ಕೆ ಹಾಕಬೇಡಿ, ಮೂರರಲ್ಲೇ ಒತ್ತಿ’ ಅಂದೆ. ಒತ್ತಿದರು. ಲಾರಿ ಹಿಂದಾಯಿತು. ಅಪ್ಪ ಕನ್ನಡಿಯಲ್ಲಿ ಅದನ್ನೊಮ್ಮೆ ನೋಡಿ, ‘ಏನಲೇ ಇದು!’ ಅಂದವರು ಮತ್ತೆ 45ಕ್ಕೆ ಇಳಿದರು.

ಟ್ಯೂಷನ್ ದುಡ್ಡಿನ ಹತ್ತು ಸಾವಿರದ ಸಂಗತಿ ಮಾತ್ರ ಅವರಿಗೆ ಇನ್ನೂ ಗೊತ್ತಿಲ್ಲ. ನಮ್ಮ ಮನೆಗೆ ಬರುವುದೂ ಇದೇ ಪತ್ರಿಕೆ. ಈ ಪುಟ ಅಚ್ಚಾದ ದಿನ ನಾನು ಹಾಸ್ಟೆಲ್‌ನಲ್ಲಿರುತ್ತೇನೆ.