ನೆಂಟರಿಗೆ ಎರಡು ದಿನದ ಚೆನ್ನೈ

ಊರಿನಿಂದ ತಂದೆತಾಯಿ ಎರಡು ದಿನಗಳ ಮಟ್ಟಿಗೆ ಬಂದಿಳಿದರೆಂದರೆ ಚೆನ್ನೈನ ಕನ್ನಡಿಗ ಗೃಹಸ್ಥನಿಗೆ ಸಂತೋಷದೊಡನೆ ಖರ್ಚಿನ ಚಿಂತೆಯೂ ಮೂಡುವುದು ಸಹಜ. ಆದರೆ ಈ ನಗರದಲ್ಲಿ ಮಿತವ್ಯಯ ಕಷ್ಟವಲ್ಲ, ಕಷ್ಟವಾದುದು ಬಿಸಿಲು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹವೆಗೆ ಒಗ್ಗಿದ ದೇಹವು ಕಡಲತೀರದ ತೇವದಲ್ಲಿ ಧಾರಾಳವಾಗಿ ಬೆವರುತ್ತದೆ, ಆದರೆ ಆ ಬೆವರು ಬೇಗ ಆರುವುದಿಲ್ಲ. ಬೆವರು ಆರದೆ ಮೈ ತಣಿಯದು. ಆಟೋ ಬಾಡಿಗೆ ಉಳಿಸಲೆಂದು ವೃದ್ಧರನ್ನು ನಡುಹಗಲಿನಲ್ಲಿ ನಡೆಸಿ, ಅದರ ಹತ್ತರಷ್ಟನ್ನು ವೈದ್ಯರಿಗೆ ತೆರುವುದು ಎಂಥ ಉಳಿತಾಯ?

ಮೈಲಾಪುರದ ಕಪಾಲೀಶ್ವರ ದೇವಾಲಯಕ್ಕೆ ಬೆಳಗಿನ ಜಾವವೇ ಹೋಗುವುದು ಲೇಸು. ಮಧ್ಯಾಹ್ನ ಬಾಗಿಲು ಮುಚ್ಚಿರುತ್ತದೆ, ಬರಿಗಾಲಿಗೆ ಕಲ್ಲುಹಾಸು ಕಾದಿರುತ್ತದೆ. ಮಾಡಬೀದಿಯಲ್ಲಿ ಇಡ್ಲಿ, ಕಾಫಿ ಮುಗಿಸಿ ತಿರುಮೈಲೈ ನಿಲ್ದಾಣದಿಂದ ಎತ್ತರದ ಹಳಿಯ ರೈಲು ಹಿಡಿದರೆ ಕೆಲವೇ ರೂಪಾಯಿಗಳಲ್ಲಿ ಚಿಂತಾದ್ರಿಪೇಟೆ. ಅಲ್ಲಿಂದ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾತ್ರ ಆಟೋ ಹಿಡಿಯಲೇಬೇಕು. 1851ರಲ್ಲಿ ಸ್ಥಾಪಿತವಾದ ಇಲ್ಲಿನ ಚೋಳರ ಕಂಚಿನ ವಿಗ್ರಹಗಳನ್ನೂ ಅಮರಾವತಿಯ ಶಿಲ್ಪಗಳನ್ನೂ ನೋಡುತ್ತ ಬಿಸಿಲಿನ ಹೊತ್ತನ್ನು ನೆರಳಿನಲ್ಲಿ ಕಳೆಯಬಹುದು. ಶುಕ್ರವಾರ ರಜೆ ಎಂಬುದನ್ನು ಮರೆಯಬಾರದು.

ಕುದಿಸಿ ಆರಿಸಿದ ನೀರು ಮನೆಯಿಂದಲೇ ಹೊರಡಲಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ನೀರು, ಉಪ್ಪಿನ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ವಿಚಾರಿಸತಕ್ಕದ್ದು. ತಲೆಸುತ್ತು, ಓಕರಿಕೆ ಕಂಡರೆ ಕೂಡಲೇ ನೆರಳಿಗೆ ಕರೆದೊಯ್ದು, ಒದ್ದೆ ಬಟ್ಟೆಯಿಂದ ಮೈಯೊರೆಸಿ ಗಾಳಿ ಬೀಸಬೇಕು. ಮಾತು ತಡವರಿಸಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಎರಡನೆಯ ಸಂಜೆ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಯ ದರ್ಶನ, ಅಲ್ಲಿಂದ ಮರೀನಾ. ಕಡಲಗಾಳಿಗೆ ಕಾಸಿಲ್ಲ. ಅಲೆಯ ಸೆಳೆತ ಬಲವಾದುದರಿಂದ ಪಾದ ತೋಯಿಸಿದರೆ ಸಾಕು.