ಕೇಳುವುದರಲ್ಲಿ ಎಷ್ಟು ಬಗೆ

ಹತ್ತನೇ ತರಗತಿಯ ಹುಡುಗನೊಬ್ಬ ಮುಖ್ಯಗುರುಗಳಿಗೆ ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದಿದ್ದ. ಅಕ್ಕನ ಮದುವೆ, ಎರಡು ದಿನ ರಜೆ ಬೇಕು. ಒಕ್ಕಣೆ ಅಚ್ಚುಕಟ್ಟಾಗಿತ್ತು. ನಡುವಿನ ಒಂದು ಸಾಲು ಮಾತ್ರ ಕಣ್ಣಿಗೆ ಹೊಡೆಯಿತು: ‘ಐ ಡಿಮ್ಯಾಂಡ್ ಟೂ ಡೇಸ್ ಲೀವ್.’ ಕರೆದು ಕೇಳಿದೆ. “ಡಿಮ್ಯಾಂಡ್ ಅಂದ್ರ ಬೇಡಿಕೆ ಅಂತ ಡಿಕ್ಷನರಿದಾಗ ಅದರೀ ಟೀಚರ್. ನಾ ಬೇಡ್ಕೊಂಡೀನಿ” ಅಂದ.

ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಬೇಡಿಕೆಯ ಬೇರು ‘ಬೇಡು’. ಕಲಬುರಗಿಯ ಶರಣಬಸವೇಶ್ವರ ಗುಡಿಯಲ್ಲಿ ಕೈಮುಗಿದು ನಿಂತವರು ಬೇಡಿಕೊಳ್ಳುತ್ತಾರೆ. ಜೋಳಿಗೆ ಹಿಡಿದು ಮನೆ ಬಾಗಿಲಿಗೆ ಬಂದವರು ಬೇಡುತ್ತಾರೆ. ಎರಡರಲ್ಲೂ ಬೇಡುವವನ ತಲೆ ಬಾಗಿದೆ. ಇಂಗ್ಲಿಷಿನ ಡಿಮ್ಯಾಂಡ್‌ನಲ್ಲಿ ಕೇಳುವವನು ಎದೆಯೆತ್ತಿ ನಿಂತಿರುತ್ತಾನೆ. ಇಲ್ಲವೆನ್ನಲು ಎದುರಿನವನಿಗೆ ಅವಕಾಶ ಕೊಡುವುದಿಲ್ಲ. ಮೆರವಣಿಗೆ, ಕರಪತ್ರಗಳಲ್ಲಿ ಬಳಸಿ ಬಳಸಿ ನಮ್ಮ ಬೇಡಿಕೆಗೂ ಆ ಗತ್ತು ಬಂದಿದೆ, ನಿಜ. ಕಲಬುರಗಿ ಭಾಗದವರು ವರ್ಷಗಟ್ಟಲೆ ಹೋರಾಡಿ ಪಡೆದ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. ಅದು ಬೇಡಿ ಪಡೆದದ್ದಲ್ಲ. ಅದಕ್ಕೆ ‘ಹಕ್ಕೊತ್ತಾಯ’ ಎಂಬ ಮಾತೇ ಸರಿ. ಅರಬ್ಬಿಯ ಹಕ್ಕು, ಕನ್ನಡದ ಒತ್ತಾಯ ಕೂಡಿ ಆದ ಪದ ಅದು. ಯಾವ ಭಾಷೆಯ ಪದದೊಡನೆ ಯಾವುದನ್ನು ಬೆರೆಸಬೇಕು, ಯಾವುದನ್ನು ಬೆರೆಸಬಾರದು ಎಂಬ ಚರ್ಚೆ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲೇ, ‘ಕವಿರಾಜಮಾರ್ಗ’ ಕನ್ನಡ–ಸಂಸ್ಕೃತಗಳ ಬೆರಕೆಯನ್ನು ತೂಗಿ ನೋಡಿತ್ತು.

ನಾನು ಕಲಬುರಗಿಯವಳು. ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳ ಗೈಡುಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಇರುತ್ತದೆ: ಆಸ್ಕ್, ಇನ್‌ಕ್ವೈರ್, ರಿಕ್ವೆಸ್ಟ್, ಡಿಮ್ಯಾಂಡ್, ಬೆಗ್, ಕ್ವೆಶ್ಚನ್, ಇಂಟರಾಗೇಟ್. ಎಲ್ಲದರ ಮುಂದೆ ಒಂದೇ ಅರ್ಥ, ಕೇಳು. ಈ ಪಟ್ಟಿ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೂ ನಡೆದೀತು ಎಂದು ಅದು ಕಲಿಸುತ್ತದೆ. ಪೀಟರ್ ಮಾರ್ಕ್ ರೋಜೆ ಎಂಬ ಇಂಗ್ಲೆಂಡಿನ ವೈದ್ಯ 1852ರಲ್ಲಿ ಪ್ರಕಟಿಸಿದ ಪ್ರಸಿದ್ಧ ‘ಥೆಸಾರಸ್’ ಕೂಡ ಹತ್ತಿರದ ಪದಗಳನ್ನು ಒಂದೆಡೆ ಗುಂಪುಗೂಡಿಸಿದ್ದು, ಬರೆಯುವವನು ಅವುಗಳಲ್ಲಿ ತನ್ನ ಮಾತಿಗೆ ಒಪ್ಪುವುದನ್ನು ಆರಿಸಿಕೊಳ್ಳಲಿ ಎಂದು.

ಆರಿಸುವುದು ಹೇಗೆ? ತರಗತಿಯಲ್ಲಿ ನಾನು ಮೊದಲು ನೋಡಿಸುವುದು, ಕೇಳುತ್ತಿರುವುದು ಸುದ್ದಿಯನ್ನೋ ವಸ್ತುವನ್ನೋ ಎಂದು. ಆಮೇಲೆ, ಕೇಳಿಸಿಕೊಂಡವನು ಇಲ್ಲ ಎನ್ನಬಹುದೇ ಎಂದು. ಆಸ್ಕ್ ಎಲ್ಲಿಗೂ ಸಲ್ಲುವ ಪದ. ಹೊತ್ತು ಎಷ್ಟಾಯಿತೆಂದು ಕೇಳಲಿಕ್ಕೂ ಆದೀತು, ಗೆಳತಿಯ ಹತ್ತಿರ ಪೆನ್ನು ಕೇಳಲಿಕ್ಕೂ ಆದೀತು, ಊಟಕ್ಕೆ ಕರೆಯಲಿಕ್ಕೂ ಆದೀತು. ರಿಕ್ವೆಸ್ಟ್‌ನಲ್ಲಿ ಮರ್ಯಾದೆ ಇದೆ. ಇಲ್ಲ ಎಂದರೂ ಸಂಬಂಧ ಕೆಡುವುದಿಲ್ಲ. ಬೆಗ್‌ನಲ್ಲಿ ಕೇಳುವವನ ಕೈ ಬರಿದು. ಕ್ವೆಶ್ಚನ್ ಅನ್ನು ಕ್ರಿಯಾಪದವಾಗಿ ಬಳಸಿದರೆ ಒಳಗೊಂದು ಅನುಮಾನ ಇಣುಕುತ್ತದೆ. ಒಬ್ಬರ ಲೆಕ್ಕವನ್ನು ಕ್ವೆಶ್ಚನ್ ಮಾಡಿದೆವೆಂದರೆ ಅದನ್ನು ನಂಬಲಿಲ್ಲ ಎಂದೇ ಆಯಿತು. ಇಂಟರಾಗೇಟ್ ಪೊಲೀಸ್ ಠಾಣೆಯ ಮಾತು. ಕೂತಲ್ಲಿಂದ ಏಳುವ ಹಾಗಿಲ್ಲ, ಒಂದಾದ ಮೇಲೊಂದು ಪ್ರಶ್ನೆ ಬೀಳುತ್ತಲೇ ಇರುತ್ತದೆ.

ಇನ್‌ಕ್ವೈರ್‌ದು ವಿಚಿತ್ರ. ಅದರ ನಾಮಪದವನ್ನು ನಮ್ಮೂರು ಎರಡು ಬಗೆಯಲ್ಲಿ ಬಳಸುತ್ತದೆ. ಕಲಬುರಗಿ ರೈಲ್ವೆ ನಿಲ್ದಾಣದಲ್ಲಿ ಗಾಡಿ ಎಷ್ಟು ಹೊತ್ತಿಗೆ ಎಂದು ತಿಳಿಯಲು ಹೋಗುವುದು ಎನ್‌ಕ್ವೈರಿಗೆ. ಅದೇ ಯಾರೋ ನೌಕರನ ಬಗ್ಗೆ “ಅವನ ಮ್ಯಾಲ ಎನ್‌ಕ್ವೈರಿ ನಡದದ” ಅಂದರೆ ಮನೆಮಂದಿಗೆಲ್ಲ ನಿದ್ದೆ ಹಾರುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅನೇಕರು ಮೊದಲನೆಯದಕ್ಕೆ ‘ಇ’ ಅಕ್ಷರ, ಎರಡನೆಯದಕ್ಕೆ ‘ಐ’ ಅಕ್ಷರ ಬಳಸಿ ಬೇರೆ ಮಾಡುತ್ತಾರೆ. ನಮ್ಮ ‘ವಿಚಾರಣೆ’ಯೂ ಹೀಗೇ, ಹಾಸಿಗೆ ಹಿಡಿದವರನ್ನು ನೆಂಟರು ವಿಚಾರಿಸುತ್ತಾರೆ, ಕೋರ್ಟೂ ವಿಚಾರಿಸುತ್ತದೆ.

ಒಂದು ಕೆಲಸಕ್ಕೆ ಇಷ್ಟು ಪದಗಳು ಇಂಗ್ಲಿಷಿಗೆ ಹೇಗೆ ಬಂದವು? ಆಸ್ಕ್ ಆ ಭಾಷೆಯ ಹಳೆಯ ಮನೆಮಾತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ಅದರ ಜೊತೆ ಕ್ವೆಶ್ಚನ್, ಡಿಮ್ಯಾಂಡ್ ಬಂದವು. ಓದಿದವರ ಲ್ಯಾಟಿನ್‌ನಿಂದ ಇಂಟರಾಗೇಟ್ ಬಂತು. ಮನೆಯ ಪದ ಚಿಕ್ಕದು, ಬೆಚ್ಚಗಿನದು, ದರಬಾರಿನದು ಬಿಗಿ, ಪುಸ್ತಕದ್ದು ಇನ್ನೂ ಉದ್ದ, ಇನ್ನೂ ತಣ್ಣಗೆ. ನ್ಯಾಯಾಲಯದ ಫ್ರೆಂಚ್ ಜನರಿಗೆ ತಿಳಿಯುವುದಿಲ್ಲ, ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಅಲ್ಲಿ ಕಾನೂನು ಆದದ್ದು 1362ರಲ್ಲಿ.

ಈ ಇಸವಿ ಹೇಳುವಾಗ ನಾನು ಮಕ್ಕಳಿಗೆ ನಮ್ಮ ಕಲಬುರಗಿ ಕೋಟೆಯನ್ನು ನೆನಪಿಸುತ್ತೇನೆ. ಕೋಟೆಯೊಳಗಿನ ಜಾಮಾ ಮಸೀದಿ 1367ರದು, ಆ ಕಾನೂನಿಗಿಂತ ಐದೇ ವರ್ಷ ಚಿಕ್ಕದು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗಿನಿಂದ ಈ ನೆಲದ ದರಬಾರಿನ ಭಾಷೆ ಪಾರ್ಸಿ. ಮುಂದೆ ನಿಜಾಮರ ಹೈದರಾಬಾದಿನಲ್ಲಿ ಕಚೇರಿ ಭಾಷೆ ಉರ್ದು. 1948ರವರೆಗೆ ಕಲಬುರಗಿ ಅದರಡಿ ಇತ್ತು. ಅಲ್ಲಿ ಫ್ರೆಂಚ್ ಮಾಡಿದ ಕೆಲಸವನ್ನು ಇಲ್ಲಿ ಪಾರ್ಸಿ, ಉರ್ದು ಮಾಡಿದವು. ನಮ್ಮಲ್ಲಿ ಮನೆಯ ಮಾತು ‘ಕೇಳು’, ಪುಸ್ತಕದ ಮಾತು ‘ಪ್ರಶ್ನಿಸು’, ಕಚೇರಿಯ ಮಾತು ‘ತನಿಖೆ’. ಕಮಲಾಪುರದ ತಹಶೀಲ್ ಕಚೇರಿ ಮುಂದೆ ಅಪ್ಪನ ಜೊತೆ ನಿಂತಿದ್ದ ಮಗುವಿಗೆ ಈ ಮೂರು ಅಂತಸ್ತು ಹೇಳಿಕೊಡಬೇಕಾಗಿಲ್ಲ, ಅದು ಕಿವಿಯಲ್ಲಿ ಇದ್ದೇ ಇದೆ. ಇಂಗ್ಲಿಷ್ ಪಾಠ ಅಲ್ಲಿಂದಲೇ ಶುರುವಾಗಬೇಕು ಎನ್ನುವುದು ನನ್ನ ವಾದ.

ದರಖಾಸ್ತು ಎಂಬ ಪದವನ್ನೇ ನೋಡಿ. ಪಾರ್ಸಿಯಲ್ಲಿ ಅದು ಬರೀ ವಿನಂತಿ. ಇಲ್ಲಿ ಸರ್ಕಾರಿ ಜಮೀನು ಮಂಜೂರಿಗೆ ಅಂಟಿಕೊಂಡು ಕಂದಾಯ ಇಲಾಖೆಯದೇ ಆಗಿಹೋಯಿತು. ಫರಿಯಾದ್ ಅಂದರೆ ಮೂಲದಲ್ಲಿ ಮೊರೆ, ಗೋಳು. ನಮ್ಮ ಕೋರ್ಟಿನಲ್ಲಿ ಅದು ಫಿರ್ಯಾದಿ. ಇಂಗ್ಲಿಷಿನ ಪ್ಲೇಂಟಿಫ್, ಕಂಪ್ಲೇಂಟ್ ಕೂಡ ಎದೆ ಬಡಿದುಕೊಂಡು ಅಳುವ ಲ್ಯಾಟಿನ್ ಪದದಿಂದ ಬಂದವು. ಎರಡೂ ಕಡೆ ಅಳು ಕಾಗದವಾಯಿತು. ಉರ್ದುವಿನ ಸವಾಲ್ ಅಂದರೆ ಪ್ರಶ್ನೆ. ಕನ್ನಡಕ್ಕೆ ಬಂದು ಪಂಥಾಹ್ವಾನವಾಯಿತು, ಲಿಲಾವಿನ ಕೂಗಾಯಿತು. ಡಿಮ್ಯಾಂಡ್ ಕೂಡ ಹೀಗೇ ಗಟ್ಟಿಯಾದದ್ದು. ಫ್ರೆಂಚರಿಗೆ ಇವತ್ತಿಗೂ ಅದು ಸುಮ್ಮನೆ ಕೇಳುವುದಷ್ಟೆ. ಕಡಲು ದಾಟಿ ಇಂಗ್ಲಿಷಿಗೆ ಬಂದ ಮೇಲೆ ಪಟ್ಟು ಹಿಡಿಯಿತು. ಜವಾಬಿನಿಂದ ಜವಾಬ್ದಾರಿ ಹುಟ್ಟಿದ ಹಾಗೆ ಇಂಗ್ಲಿಷಿನಲ್ಲಿ ರೆಸ್ಪಾಂಡ್‌ನ ಬಳಗದಲ್ಲೇ ರೆಸ್ಪಾನ್ಸಿಬಿಲಿಟಿ ಇದೆ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ನೋಟ್ಸ್ ಬರೆದುಕೊಂಡರು.

ಡಿಮ್ಯಾಂಡ್‌ಗೆ ಪಟ್ಟು ಬಿಟ್ಟ ಇನ್ನೊಂದು ಅರ್ಥವೂ ಇದೆ, ಅದು ಮಾರುಕಟ್ಟೆಯದು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಗಿಡ ನೆಟ್ಟು ಗೊನೆ ಕಡಿಯಲು ಒಂದೂವರೆ ವರ್ಷದ ಹತ್ತಿರ ಹಿಡಿಯುವ ಬೆಳೆ, ಹಾಗಾಗಿ ಉಳಿದ ಬಾಳೆಗಿಂತ ತುಟ್ಟಿ. ಮಾರುವವರು “ಡಿಮ್ಯಾಂಡ್ ಭಾಳ ಅದರೀ” ಅಂದರೆ ಯಾರೂ ಗದರಿಸಿ ಕೇಳುತ್ತಿಲ್ಲ. ಕೊಳ್ಳುವ ಮನಸ್ಸು, ಕೈಯಲ್ಲಿ ಕಾಸು ಎರಡೂ ಇರುವವರು ಬಹಳ ಇದ್ದಾರೆ ಎಂದಷ್ಟೇ. ಅರ್ಥಶಾಸ್ತ್ರದ ಪುಸ್ತಕದಲ್ಲೂ ಅದೇ ಅರ್ಥ. ಪದ ಒಂದೇ ಇದ್ದರೂ ಅಂಗಡಿಯಲ್ಲಿ ಸೌಮ್ಯ, ಅರ್ಜಿಯಲ್ಲಿ ಒರಟು.

ಒಂದು ವ್ಯಾಕರಣದ ಮಾತು. ನಮ್ಮ ಮಕ್ಕಳು ‘ಹಿ ಆಸ್ಕ್ಡ್ ಟು ಮಿ’ ಎಂದು ಬರೆಯುತ್ತಾರೆ. ಮೈಸೂರಿನವರು ‘ನನ್ನನ್ನು ಕೇಳಿದ’ ಅಂದರೆ ನಾವು ‘ನನಗ ಕೇಳ್ದ’ ಅನ್ನುತ್ತೇವೆ. ಆ ‘ಗ’ ಇಂಗ್ಲಿಷಿಗೆ ಹೋಗಿ ‘ಟು’ ಆಗುತ್ತದೆ. ಕಾರಣ ತಿಳಿಸಿದರೆ ತಿದ್ದಿಕೊಳ್ಳುತ್ತಾರೆ. ಬರೀ ಕೆಂಪು ಗೆರೆ ಎಳೆದರೆ ತಮ್ಮ ಮನೆಮಾತೇ ಕೆಟ್ಟದ್ದು ಅಂದುಕೊಳ್ಳುತ್ತಾರೆ, ಅದಾಗಬಾರದು.

ಕನ್ನಡದ ‘ಕೇಳು’ ಇಂಗ್ಲಿಷಿನವರನ್ನೂ ಕಾಡಬಲ್ಲದು. ಬಾಯಿಯ ಕೆಲಸಕ್ಕೂ ಕಿವಿಯ ಕೆಲಸಕ್ಕೂ ನಮಗೆ ಅದೊಂದೇ. ಅವರಿಗೆ ಆಸ್ಕ್, ಹಿಯರ್, ಲಿಸನ್ ಮೂರು ಬೇಕು. ತಾನಾಗಿ ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟರೆ ಲಿಸನ್. ಹೋದ ವಾರ ‘ಕೇಳಿ ಕೇಳಿ ಸಾಕಾಯಿತು’ ಎಂಬ ವಾಕ್ಯವನ್ನು ಅನುವಾದಕ್ಕೆ ಕೊಟ್ಟೆ. ಅರ್ಧ ತರಗತಿ ಆಸ್ಕ್ ಎಂದು ಬರೆಯಿತು, ಉಳಿದರ್ಧ ಹಿಯರ್ ಎಂದು. ಎರಡಕ್ಕೂ ಪೂರ್ತಿ ಅಂಕ ಕೊಟ್ಟು, ಸಾಕಾದದ್ದು ಯಾರಿಗೆ, ಯಾವುದರಿಂದ ಎಂದು ಒಂದು ಸಾಲು ಸೇರಿಸಿ ಬನ್ನಿ ಎಂದು ಕಳಿಸಿದೆ.